ಬುಡ್ಡಿ ಜಹಾಜಿಗೆ ಕೊಟ್ಟ ಮಣ್ಣು

ಹೋದ ತಿಂಗಳು ಭದ್ರಾವತಿಯಲ್ಲಿ ಬಸ್ಸಿನಿಂದ ಇಳಿದು ನ್ಯೂ ಟೌನಿನ ಕಡೆಗೆ ನಡೆಯುತ್ತಿದ್ದಾಗ ಬೇಸಿಗೆಯ ಮೊದಲ ಮಳೆಯ ನಾಲ್ಕು ಹನಿಗಳು ಬಿದ್ದವು. ಆ ರಸ್ತೆಯ ತಳಕ್ಕೆ ಹಿಂದೆ ಕಾರ್ಖಾನೆಯ ಕಿಟ್ಟವನ್ನು ಸುರಿದಿದ್ದರು. ಕುಲುಮೆಯಲ್ಲಿ ಕಬ್ಬಿಣ ಕರಗುವಾಗ ಮೇಲೆ ತೇಲಿ ಬರುವ ಕಲ್ಮಷವೇ ಕಿಟ್ಟ. ಆರಿದ ಮೇಲೆ ಅದು ಕಪ್ಪು ಕಲ್ಲಿನಂತೆ ಕಾಣುತ್ತದೆ. ಬಿಸಿಲಿಗೆ ಕಾದ ಕಿಟ್ಟದ ಮೇಲೆ ನೀರು ಬಿದ್ದರೆ, ಆಗತಾನೇ ಗೀರಿದ ಬೆಂಕಿಕಡ್ಡಿಯ ವಾಸನೆ ಏಳುತ್ತದೆ. ಆ ವಾಸನೆ ಮೂಗಿಗೆ ಬಡಿದೊಡನೆ ಕೊಡೆ ಬಿಚ್ಚುವುದನ್ನು ಮರೆತು ನಿಂತುಬಿಟ್ಟೆ. ಐವತ್ತರ ದಶಕ ಮುಗಿಯುವ ವರ್ಷದ ಬೇಸಿಗೆಯೊಂದು ಇಡಿಯಾಗಿ ಕಣ್ಣ ಮುಂದೆ ಬಂದಿತು.

ಆಗ ನಾನು ನ್ಯೂ ಟೌನಿನ ಮಾಧ್ಯಮಿಕ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಮಕ್ಕಳ ಕಾಗುಣಿತದ ತಪ್ಪನ್ನು ಕಂಡರೆ ನನಗೆ ಹಲ್ಲುನೋವು ಬಂದಂತಾಗುತ್ತಿದ್ದ ಕಾಲವದು. ವಾಸ ಶಿವಮೊಗ್ಗದಲ್ಲಿ, ಗಿರಿಜಕ್ಕನ ಮನೆಯಲ್ಲಿ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಮರಳುತ್ತಿದ್ದೆ. ಗಿರಿಜಕ್ಕ ನನ್ನ ಒಡಹುಟ್ಟಿದ ಅಕ್ಕ, ನನಗಿಂತ ಹತ್ತು ವರ್ಷ ಹಿರಿಯಳು. ತಂದೆತಾಯಿಯರು ತೀರಿಕೊಂಡ ಮೇಲೆ ಅಕ್ಕನ ಅತ್ತೆಯವರೇ ನನ್ನನ್ನು ಕರೆದುಕೊಂಡು ಬಂದು ಓದಿಸಿದ್ದರು. ಅವರ ಹೆಸರು ಗೌರಮ್ಮ. ಕೇರಿಗೆಲ್ಲ ಅವರು ಅವ್ವ. ಆ ಮನೆಯಲ್ಲಿ ನಾವು ಮೂವರು ಹೆಂಗಸರೇ ಇದ್ದೆವು. ಭಾವ ಸಿದ್ದಲಿಂಗಪ್ಪನವರು ಮದುವೆಯಾದ ವರ್ಷವೇ ಹಡಗು ಹತ್ತಿದವರು ಮರಳಿ ಬಂದಿರಲಿಲ್ಲ.

ಒಳನಾಡಿನ ಮನೆಯವರೊಬ್ಬರು ಹಡಗು ಹತ್ತಿದ ಬಗೆಯನ್ನು ಹೇಳಬೇಕು. ಅವ್ವನ ತವರು ಕುಂಸಿ. ಅಲ್ಲಿಯ ಗಣಿಗಳ ಮ್ಯಾಂಗನೀಸ್ ಅದಿರು ಮರ್ಮಗೋವಾ ಬಂದರಿಗೆ ಹೋಗುತ್ತಿತ್ತು. ಅದರ ಲೆಕ್ಕ ನೋಡುವ ಗುಮಾಸ್ತರಾಗಿ ಭಾವ ಆ ಬಂದರಿನಲ್ಲಿದ್ದರು. ಅದಿರು ತುಂಬಿಕೊಳ್ಳಲು ಬರುತ್ತಿದ್ದ ಸರಕಿನ ಹಡಗುಗಳ ಪೈಕಿ ಒಂದಕ್ಕೆ ಉಗ್ರಾಣ ನೋಡಿಕೊಳ್ಳುವವನು ಬೇಕಾಗಿದ್ದಾನೆಂದು ತಿಳಿದು ಸೇರಿಕೊಂಡರು. ಯುದ್ಧ ನಡೆಯುತ್ತಿದ್ದ ಕಾಲ, ಸಂಬಳ ಎರಡರಷ್ಟು. ಒಂದೇ ವರ್ಷವೆಂದು ಹೇಳಿ ಹೋದರು. ಮರುವರ್ಷ ಅವರು ಕಾಣೆಯಾಗಿದ್ದಾರೆಂಬ ಸುದ್ದಿ ಬಂದಿತು. ಸತ್ತರೆಂದು ಯಾರೂ ಹೇಳಲಿಲ್ಲ. ಅವ್ವ ಆ ಮಾತಿನ ಅರ್ಥವನ್ನು ಕೂದಲೆಳೆಯಷ್ಟೂ ಹಿಗ್ಗಿಸಲಿಲ್ಲ, ಕುಗ್ಗಿಸಲಿಲ್ಲ. ಕಾಣೆಯಾದವನು ಕಾಣುವವರೆಗೆ ಕಾಯಬೇಕು, ಅಷ್ಟೆ.

ಯುದ್ಧ ಮುಗಿದ ಮೇಲೆ ಖಾದರ್ ಸಾಬರು ನಮ್ಮ ಮನೆಯನ್ನು ಹುಡುಕಿಕೊಂಡು ಬಂದರು. ಅವರು ಶಿವಮೊಗ್ಗದವರೇ, ಅದೇ ಹಡಗಿನ ತಳದಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದವರು. ಅವರು ಹೇಳಿದ್ದು ಇಷ್ಟು: ಪೂರ್ವದ ಒಂದು ಬಂದರಿನ ಹತ್ತಿರ ವಿಮಾನದಿಂದ ಬಾಂಬು ಬಿತ್ತು; ಹಡಗು ಮುಳುಗಲಿಲ್ಲ; ಸಂಜೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೆಸರು ಕೂಗಿದಾಗ ಸಿದ್ದಣ್ಣನ ಹೆಸರಿಗೆ ಯಾರೂ ಓಗೊಡಲಿಲ್ಲ.

"ನೀನು ಕಣ್ಣಾರೆ ನೋಡಿದ್ಯೇನಪ್ಪ?" ಎಂದು ಅವ್ವ ಕೇಳಿದರು.

"ಇಲ್ಲ ಅಮ್ಮ. ನಾನು ಕೆಳಗಿದ್ದೆ."

"ಹಂಗಾದ್ರೆ ನೀರಿಗೆ ಬಿದ್ದಿರ್ತಾನೆ. ತುಂಗೆ ತುಂಬಿ ಹರಿಯೋವಾಗ ಈ ದಡದಿಂದ ಆ ದಡಕ್ಕೆ ಹೋಗಿ ಬಂದೋನು. ಎಲ್ಲೋ ದಡ ಹತ್ತಿರ್ತಾನೆ. ಕೈ ತೊಳ್ಕೊ, ಊಟ ಮಾಡು."

ಆಗ ಸಾಬರು ಒಂದು ಸುಳ್ಳು ಹೇಳಿದ್ದರೆ ಅಕ್ಕನ ಬದುಕೇ ಬೇರೆಯಾಗುತ್ತಿತ್ತು. ನೋಡಿದೆನೆಂದು ಹೇಳಿಬಿಡಿ ಎಂದು ನಮ್ಮ ಬಂಧುಗಳಲ್ಲಿ ಕೆಲವರು ಸಾಬರನ್ನು ಗುಟ್ಟಾಗಿ ಕೇಳಿಕೊಂಡದ್ದೂ ಉಂಟು. ಅವರು ಒಪ್ಪಲಿಲ್ಲ. ಮುಂದೆ ಭದ್ರಾವತಿಯ ಕಾರ್ಖಾನೆಯಲ್ಲಿ ಉಕ್ಕಿನ ಕುಲುಮೆಯ ಕೆಲಸಕ್ಕೆ ಸೇರಿದ ಮೇಲೂ, ರಜೆಯ ಭಾನುವಾರಗಳಂದು ಶಿವಮೊಗ್ಗಕ್ಕೆ ಬಂದು ನಮ್ಮ ಜಗಲಿಯ ಮೇಲೆ ಕೂತು ಹೋಗುತ್ತಿದ್ದರು.

ಬಂದಾಗಲೆಲ್ಲ ಅವ್ವನಿಗೆ ಹಡಗಿನ ಕಥೆ ಬೇಕು. ಮಗನ ಬಗ್ಗೆ ಕೇಳುತ್ತಿರಲಿಲ್ಲ. ಹಡಗಿನ ಬಗ್ಗೆಯೇ ಕೇಳುತ್ತಿದ್ದರು. ಹೀಗೆ ಸಮುದ್ರವನ್ನೇ ಕಾಣದ ನಮ್ಮ ಮನೆಗೆ ಆ ಹಡಗಿನ ಆಯುಸ್ಸೆಲ್ಲವೂ ಬಾಯಿಪಾಠವಾಗಿಬಿಟ್ಟಿತ್ತು. ವಿಲಾಯಿತಿಯಲ್ಲಿ ಕಟ್ಟಿದ್ದು, ಸಾಬರು ಸೇರುವ ವೇಳೆಗೇ ಮುದಿಯಾಗಿತ್ತು. ಇಂಗ್ಲಿಷಿನ ಹೆಸರು ಯಾರ ನಾಲಗೆಗೂ ಹೊರಳುತ್ತಿರಲಿಲ್ಲವಾದ್ದರಿಂದ ಖಲಾಸಿಗಳು ಅದನ್ನು ಬುಡ್ಡಿ, ಅಂದರೆ ಮುದುಕಿ, ಎಂದು ಕರೆಯುತ್ತಿದ್ದರು. ಮೊದಲು ಕಲ್ಕತ್ತೆಯ ಸೆಣಬು, ಆಮೇಲೆ ರಂಗೂನಿನ ಅಕ್ಕಿ, ಮರ್ಮಗೋವಾದ ಅದಿರು. ಯುದ್ಧ ಬಂದೊಡನೆ ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡು, ಹೆಸರನ್ನು ಅಳಿಸಿ, ಮೈಗೆಲ್ಲ ಬೂದಿಬಣ್ಣ ಬಳಿಯಿತು. ಹಿಂದುಗಡೆ ಒಂದು ಫಿರಂಗಿಯನ್ನು ಕೂರಿಸಿದರು. ರಾತ್ರಿ ಬೀಡಿ ಹಚ್ಚುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ.

"ಬಸ್ರಾಕ್ಕೆ ಹಿಟ್ಟು, ಬೂಟು, ಡೇರೆ. ಒಂದ್ಸಲ ಹೇಸರಗತ್ತೆ," ಎಂದು ಸಾಬರು ಬೆರಳು ಮಡಚುತ್ತಿದ್ದರು. "ಕತ್ತೆಗೂ ಸಮುದ್ರ ಆಗಲ್ಲ ಅಮ್ಮ. ಮೂರು ದಿನ ನಾವು ತಿಂದಿದ್ದು ಕಕ್ಕಿದ್ವಿ, ಅವು ತಿನ್ನದೇನೇ ಕಕ್ಕಿದ್ವು."

"ಸಿದ್ದು ಕಕ್ಕಿದ್ನಾ?"

"ಸಿದ್ದಣ್ಣ ಮೊದಲು ಕಕ್ಕಿದ್ದು, ಆಮೇಲೆ ಕತ್ತೆ."

ಅವ್ವ ನಗುತ್ತಿದ್ದರು. ಅಕ್ಕ ಒಳಗಿನಿಂದ ಕಾಫಿ ತಂದಿಟ್ಟು ಮರಳುತ್ತಿದ್ದಳು. ಅವಳ ಕೊರಳಲ್ಲಿ ತಾಳಿಯಿತ್ತು, ಕೈತುಂಬ ಹಸಿರು ಬಳೆಗಳಿದ್ದವು. ಬದುಕಿರುವವನ ಮನೆಯಲ್ಲಿ ಕಣ್ಣೀರು ಹಾಕಬಾರದೆಂದು ಅವ್ವ ಹೇಳಿದ್ದರಿಂದ ಅವಳು ಅಳುತ್ತಲೂ ಇರಲಿಲ್ಲ. ಗಂಡನಿಲ್ಲದ ಮುತ್ತೈದೆಯಾಗಿ ಅವಳು ಹದಿನೇಳು ವರ್ಷಗಳನ್ನು ಕಳೆದಿದ್ದಳು.

ನಮ್ಮ ಜನರಲ್ಲಿ ಗಂಡ ಸತ್ತವಳಿಗೆ ಉಡಿಕೆಯೆಂಬ ಮರುಮದುವೆಯುಂಟು. ವಾಲಗವಿಲ್ಲ, ಚಪ್ಪರವಿಲ್ಲ, ಹೊಸ ಸೀರೆ ಉಡಿಸಿ ನಾಲ್ವರು ಹಿರಿಯರ ಮುಂದೆ ತಾಳಿ ಕಟ್ಟಿದರೆ ಮುಗಿಯಿತು. ಆ ವರ್ಷದ ಸಂಕ್ರಾಂತಿಯ ಹೊತ್ತಿಗೆ ಭದ್ರಾವತಿಯ ಆಸ್ಪತ್ರೆಯ ಕಾಂಪೌಂಡರ್ ಮಲ್ಲೇಶಪ್ಪನವರು ಅಕ್ಕನನ್ನು ಉಡಿಕೆಯಾಗಲು ಕೇಳಿ ಕಳುಹಿಸಿದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನನ್ನ ಶಾಲೆಯ ಮಕ್ಕಳಿಗೆ ಸೂಜಿ ಹಾಕಲು ಬರುತ್ತಿದ್ದ ಸೌಮ್ಯ ಮನುಷ್ಯ. ಅಕ್ಕನನ್ನು ಅವರು ಕಂಡದ್ದು ಬಂಧುಗಳ ಮನೆಯ ಮದುವೆಯೊಂದರಲ್ಲಿ. ಅಕ್ಕನಿಗೆ ಒಪ್ಪಿಗೆಯಿತ್ತೆಂದು ನನಗೆ ಗೊತ್ತು. ಆ ಸುದ್ದಿ ಬಂದ ದಿನ ಅವಳು ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ಅವ್ವ ಸಿಟ್ಟಾಗಲಿಲ್ಲ. "ಒಳ್ಳೇ ಮನುಷ್ಯ. ಬೇಡ ಅನ್ನಲ್ಲ. ಆದ್ರೆ ಮಣ್ಣು ಕೊಡದೇ ಉಡಿಕೆ ಎಲ್ಲಾದ್ರೂ ಉಂಟೇನಮ್ಮ?" ಎಂದರು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕುಳ್ಳಿರಿಸಿ, ಕೈಯಲ್ಲಿ ಇಷ್ಟಲಿಂಗವನ್ನಿಟ್ಟು ಮಣ್ಣು ಕೊಡುತ್ತೇವೆ. ಮಣ್ಣಾಗದವನು ಸತ್ತವನಲ್ಲ, ಸಾಯದವನ ಹೆಂಡತಿಗೆ ಉಡಿಕೆಯಿಲ್ಲ. ಈ ತರ್ಕದಲ್ಲಿ ನಾನು ಎಷ್ಟು ಹುಡುಕಿದರೂ ಬಿರುಕು ಕಾಣಲಿಲ್ಲ.

ಶಿವರಾತ್ರಿ ಕಳೆದ ಒಂದು ಭಾನುವಾರ ಸಾಬರು ಬಂದವರು ಜಗಲಿಯಲ್ಲಿ ಕೂರದೆ ನಿಂತೇ ಇದ್ದರು.

"ಬುಡ್ಡಿ ಬಂದಿದಾಳೆ ಅಮ್ಮ."

"ಯಾವ ಬುಡ್ಡಿನೋ ಮಾರಾಯ? ಒಳಗೆ ಕರಿ, ಬಿಸ್ಲಲ್ಲಿ ಯಾಕೆ ನಿಲ್ಲಿಸಿದೀಯ?"

"ಜಹಾಜು ಅಮ್ಮ. ನಮ್ಮ ಜಹಾಜು. ಭದ್ರಾವತಿಗೆ ಬಂದಿದೆ."

ಮುಂಬಯಿಯಲ್ಲಿ ಒಡೆದ ಹಳೆಯ ಹಡಗುಗಳ ತಗಡುಗಳು ಕರಗಿಸುವುದಕ್ಕಾಗಿ ರೈಲಿನಲ್ಲಿ ಕಾರ್ಖಾನೆಗೆ ಬರುತ್ತಿದ್ದವು. ಆ ವಾರ ಬಂದ ರಾಶಿಯಲ್ಲಿ ಸಾಬರು ಎರಡು ಗುರುತುಗಳನ್ನು ಕಂಡಿದ್ದರು. ಮೂತಿಯ ತಗಡಿನ ಮೇಲೆ, ಬಣ್ಣದ ಪದರಗಳ ಕೆಳಗೆ, ಉಳಿಯಿಂದ ಚುಚ್ಚಿದ ಹಳೆಯ ಹೆಸರಿನ ಅಕ್ಷರಗಳಿದ್ದವು. ಇನ್ನೊಂದು, ಬಾಂಬು ಬಿದ್ದ ಜಾಗಕ್ಕೆ ಬಂದರಿನಲ್ಲಿ ಹಾಕಿದ್ದ ತೇಪೆ. ಆ ತೇಪೆಯನ್ನು ಹೊತ್ತುಕೊಂಡೇ ಹಡಗು ಯುದ್ಧದ ಉಳಿದ ವರ್ಷಗಳಲ್ಲಿ ದುಡಿಯಿತು. ಸೈನಿಕರನ್ನು ಊರಿಗೆ ಕರೆತಂದಿತು. ಆಮೇಲೆ ಉಪ್ಪು, ಹೆಂಚು ಹೊತ್ತು, ಕೈಯಿಂದ ಕೈಗೆ ಮಾರಾಟವಾಗಿ, ಕೊನೆಗೆ ಕಬ್ಬಿಣದ ತೂಕಕ್ಕೆ ಹೋಯಿತು.

ಮರುದಿನ ಅವ್ವ ಮಠದ ಅಯ್ಯನವರನ್ನು ಕರೆಸಿದರು. ಅಯ್ಯನವರು ಯೋಚಿಸಿ, ದೇಹ ಸಿಗದಿದ್ದಲ್ಲಿ ಅವನನ್ನು ಕೊನೆಗೆ ಮುಟ್ಟಿದ್ದ ವಸ್ತುವಿಗೆ ಮಣ್ಣು ಕೊಡಬಹುದೆಂದರು. ಮನೆಯಲ್ಲಿದ್ದ ಭಾವನ ಪಂಚೆ, ಕೋಟುಗಳಿಗೆ ಅದು ಸಲ್ಲದು. ಅವು ಬಿಟ್ಟುಹೋದ ವಸ್ತುಗಳು. ಹಡಗು ಹಾಗಲ್ಲ. "ಒಂದು ತುಂಡು ತರ್ಲಿ. ಮುಟ್ಟಿ ನೋಡ್ತೀನಿ. ನನ್ನ ಕೈಗೆ ಅನ್ನಿಸ್ಬೇಕು," ಎಂದರು ಅವ್ವ. ಅಷ್ಟು ವರ್ಷಗಳಲ್ಲಿ ಅವರು ಒಂದು ಹೆಜ್ಜೆ ಸರಿದದ್ದು ಅದೇ ಮೊದಲು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು; ಮುಖದಲ್ಲಿ ಏನೂ ಕಾಣಿಸಲಿಲ್ಲ.

ಕಾರ್ಖಾನೆಯ ಗೇಟಿನಿಂದ ಒಂದು ಮೊಳೆಯನ್ನು ತಂದರೂ ಅದು ಕಳ್ಳತನ. ಸಾಬರು ಮೇಲಿನವರನ್ನು ಕೇಳಿ, ಅಂಗೈಯಗಲದ ತುಂಡೊಂದಕ್ಕೆ ಬಾಯಿಮಾತಿನ ಒಪ್ಪಿಗೆ ಪಡೆದರು. ತುಂಡು ತರುವುದೆಂದು ಗೊತ್ತುಮಾಡಿದ ದಿನ ನಾನು ಶಾಲೆಗೆ ಅರ್ಧ ದಿನದ ರಜೆ ಹಾಕಿ, ಮಧ್ಯಾಹ್ನದ ರೈಲಿನಲ್ಲಿ ಬಂದ ಅವ್ವನನ್ನೂ ಅಕ್ಕನನ್ನೂ ಸ್ಟೇಷನ್ನಿನಿಂದ ಕರೆದುಕೊಂಡು ಗೇಟಿನೆದುರಿನ ಹುಣಸೆಮರದ ಕೆಳಗೆ ಕುಳಿತೆ. ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಮಲ್ಲೇಶಪ್ಪನವರು ಆಸ್ಪತ್ರೆಯಿಂದ ಸೋಡಾ ಬಾಟಲಿಗಳನ್ನು ಹಿಡಿದು ಬಂದರು. ಅಕ್ಕನ ಕಡೆಗೆ ನೋಡದೆ ಮೂರನ್ನೂ ಅವ್ವನ ಕೈಗೇ ಕೊಟ್ಟರು.

"ನಂಗೆ ಮೂರ್ಯಾಕಪ್ಪ?" ಎಂದರು ಅವ್ವ.

"ಸೆಖೆ ಜಾಸ್ತಿ ಅಲ್ವಾ ಅಮ್ಮ," ಎಂದು ಆ ಪುಣ್ಯಾತ್ಮ ಬೆವರೊರೆಸಿಕೊಂಡರು. ಅಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವಳು ನಕ್ಕದ್ದನ್ನು ಅವ್ವನೂ ಕಂಡರು, ಒಂದು ಬಾಟಲಿಯನ್ನು ಅವಳ ಕೈಗಿಟ್ಟರು.

ಪಾಳಿ ಮುಗಿದ ಕೂಗು ಮೊಳಗಿ, ಸೈಕಲ್ಲುಗಳ ಹೊಳೆ ಹೊರಗೆ ಹರಿಯಿತು. ಕನ್ನಡ, ತಮಿಳು, ತೆಲುಗುಗಳ ಗದ್ದಲವೆಲ್ಲ ಕರಗಿದ ಮೇಲೆ ಸಾಬರು ಬಂದರು. ಕೈಯಲ್ಲಿ ಏನೂ ಇರಲಿಲ್ಲ.

"ಹೋಯ್ತು ಅಮ್ಮ," ಎಂದರು. "ಬೇರೆ ರಾಶಿ ಅಂದ್ಕೊಂಡು ಕ್ರೇನಿನವನು ಎತ್ಬಿಟ್ಟ. ನಾನು ಕುಲುಮೆ ಬಾಗಿಲಲ್ಲೇ ಇದ್ದೆ. ತೇಪೆ ನೋಡಿದೆ. ಕೂಗಿದೆ. ಆ ಸದ್ದಲ್ಲಿ ಯಾರಿಗೆ ಕೇಳಿಸುತ್ತೆ?"

ಅಕ್ಕ ಕೈಯಲ್ಲಿದ್ದ ಸೋಡಾ ಬಾಟಲಿಯನ್ನು ಮರದ ಬುಡದಲ್ಲಿಟ್ಟಳು; ಒಳಗಿನ ಗೋಲಿ ಸಣ್ಣಗೆ ಸದ್ದು ಮಾಡಿತು.

ಸ್ವಲ್ಪ ಹೊತ್ತಾದ ಮೇಲೆ ಸಾಬರೇ ಹೇಳಿದರು: "ಕಬ್ಬಿಣ ಹೋಯ್ತು, ಕಿಟ್ಟ ಸಿಗುತ್ತೆ. ಅದಕ್ಕೆ ಗೇಟ್ ಪಾಸ್ ಬೇಡ, ಹೊರಗೇ ಸುರೀತಾರೆ. ಬುಡ್ಡಿ ಮೈಯಿಂದ್ಲೇ ಬಂದಿದ್ದು ಅಮ್ಮ ಅದೂ. ಹೊತ್ತು ಮುಳುಗೋ ಮುಂದೆ ಕಿಟ್ಟ ತುಂಬಿದ ಬಾನಿ ಬರುತ್ತೆ. ತೋರಿಸ್ತೀನಿ ಬನ್ನಿ."

ಅವರು ಒಳ್ಳೆಯ ಮನಸ್ಸಿನಿಂದಲೇ ಕರೆದರು. ನಾವೂ ಅದೇ ಮನಸ್ಸಿನಿಂದ ಹೊರಟೆವು. ಆಗುವುದೇನೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಊರಿನ ಅಂಚಿನಲ್ಲಿ ಕಿಟ್ಟ ಸುರಿದು ಸುರಿದು ಬೆಳೆದ ದಿಬ್ಬವೊಂದಿತ್ತು. ಅದರ ನೆತ್ತಿಯ ಮೇಲೆ ಹಳಿಗಳಿದ್ದವು. ದೂರದಲ್ಲಿ ನಿಂತು ನೋಡಿದೆವು. ಸಣ್ಣ ಇಂಜಿನ್ನೊಂದು ದೊಡ್ಡ ಬಾನಿಗಳ ಸಾಲನ್ನು ಎಳೆದು ತಂದು ನಿಂತಿತು. ಮೊದಲನೆಯ ಬಾನಿ ಮೆಲ್ಲಗೆ ವಾಲಿತು. ಕೆಂಪಗೆ ಕುದಿಯುವ ಕಿಟ್ಟ ದಿಬ್ಬದ ಇಳಿಜಾರಿನಲ್ಲಿ ಕವಲೊಡೆದು ಹರಿಯಿತು. ಆಕಾಶದ ಅರ್ಧ ಭಾಗ ಕೆಂಪಾಯಿತು. ಅಷ್ಟು ದೂರದಲ್ಲಿಯೂ ಕೆನ್ನೆಗೆ ಕಾವು ತಗುಲಿತು. ಗಂಧಕದ ವಾಸನೆ ಗಂಟಲನ್ನು ಹಿಡಿಯಿತು.

ಅವ್ವ ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡರು. ಬಾನಿಗಳೆಲ್ಲ ಬರಿದಾಗುವವರೆಗೆ ಕಣ್ಣು ಮಿಟುಕಿಸದೆ ನೋಡಿದರು.

"ಖಾದರ್, ನಮ್ಮಲ್ಲಿ ಸುಡಲ್ಲ ಕಣಪ್ಪ."

"ನಮ್ಮಲ್ಲೂ ಇಲ್ಲ ಅಮ್ಮ."

"ಅವತ್ತು ಹಡಗಲ್ಲೂ ಬೆಂಕಿ ಇತ್ತಾ?"

ಸಾಬರು ಟವೆಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಇತ್ತು ಅಮ್ಮ."

"ಹಿಟ್ಟು, ಬೂಟು ಅಂತಿದ್ದೆ."

"ಅದು ಮುಂಚೆ ಹೋಗಿ ಬಂದ ಫೇರಿಗಳಲ್ಲಿ. ಆ ಫೇರಿಲಿ ಪೆಟ್ರೋಲ್ ಡಬ್ಬಿ ತುಂಬಿದ್ವು. ಮುಂದಿನ ಹೊಟ್ಟೆ ಪೂರ್ತಿ. ನೀವು ಕೇಳಿದ್ದಕ್ಕೆಲ್ಲ ಇದ್ದಿದ್ದೇ ಹೇಳಿದೀನಿ ಅಮ್ಮ. ಇದನ್ನ ನೀವು ಕೇಳ್ಲಿಲ್ಲ. ನಾನಾಗಿ ಹೇಳೋಕೆ ಬಾಯಿ ಬರ್ಲಿಲ್ಲ."

"ಮತ್ತೆ, ನೀರಿಗೆ ಹಾರಿದ್ರೆ?"

"ಹಾರೋಕೆ ದಾರಿ ಇರ್ಲಿಲ್ಲ ಒಳಗಿದ್ದೋರಿಗೆ. ಮೇಲಿನ ಮುಚ್ಚಳ ಎಲ್ಲ ಮುಚ್ಚಿದ್ರು. ಬೆಂಕಿ ಆರಿಸೋಕೆ ಒಳಗೆ ಬಾಯ್ಲರ್ ಹಬೆ ಬಿಡ್ಬೇಕು ಅಂತ ಹುಕುಂ ಆಯ್ತು. ಬಿಟ್ಟವರಲ್ಲಿ ನಾನೂ ಒಬ್ಬ. ಇಲ್ದಿದ್ರೆ ಜಹಾಜೇ ಹೋಗ್ತಿತ್ತು. ಒಳಗೆ ಯಾರಿದಾರೆ ಅಂತ ನಮಗೆ ಗೊತ್ತಿರ್ಲಿಲ್ಲ. ಸಿದ್ದಣ್ಣನ ಉಗ್ರಾಣ ಅಲ್ಲೇ ಪಕ್ಕದಲ್ಲಿತ್ತು. ಒಳಗಿದ್ನೋ, ಎಲ್ಲಿದ್ನೋ, ಈಗ್ಲೂ ಗೊತ್ತಿಲ್ಲ ಅಮ್ಮ. ನಾನು ನೋಡಿಲ್ಲ."

ಅವ್ವ ಅವರ ಮುಖವನ್ನೇ ನೋಡಿದರು. ಭಾನುವಾರಗಳಲ್ಲಿ ಈ ಮನುಷ್ಯ ತಪ್ಪದೆ ಬಂದು ಕೂರುತ್ತಿದ್ದ ಕಾರಣ ಅವರಿಗೂ ನನಗೂ ಒಟ್ಟಿಗೇ ತಿಳಿಯಿತೆಂದು ಕಾಣುತ್ತದೆ.

"ನೋಡೋದು ಬೇಡ ಬಿಡಪ್ಪ," ಎಂದರು ಅವ್ವ. "ನಾನು ನೋಡಿದೆ."

ಮರುದಿನ ಸಂಜೆ ಸಾಬರು ಮುಷ್ಟಿಗಾತ್ರದ ಕಿಟ್ಟವನ್ನು ಹೊಸ ಬಿಳಿಯ ಬಟ್ಟೆಯಲ್ಲಿ ಸುತ್ತಿ ತಂದರು. ಅವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ಕೈಯಾಡಿಸಿದರು. ಕಬ್ಬಿಣದ ತೂಕವಿರಲಿಲ್ಲ, ಅಲ್ಲಲ್ಲಿ ಗುಳ್ಳೆಯೊಡೆದು ಟೊಳ್ಳಾಗಿತ್ತು. "ಹುಟ್ಟಿದಾಗ್ಲೂ ಹಿಂಗೇ ಇದ್ದ. ಏಳು ತಿಂಗಳಿಗೆ ಹುಟ್ಟಿದೋನು," ಎಂದರು.

ಹೊಳೆಯಾಚೆಯ ನಮ್ಮವರ ರುದ್ರಭೂಮಿಯಲ್ಲಿ ಸಣ್ಣದೊಂದು ಗುಂಡಿ ತೋಡಿಸಿದರು. ಅಯ್ಯನವರು ಮಂತ್ರ ಹೇಳಿ ವಿಭೂತಿ ಇಟ್ಟರು. ಲಿಂಗವನ್ನಿಡಲು ಕೈಯಿಲ್ಲವಲ್ಲ ಎಂದು ಯಾರೋ ಪಿಸುಗುಟ್ಟಿದಾಗ, ಅವನ ಲಿಂಗ ಅವನ ಕೊರಳಲ್ಲೇ ಇದೆಯೆಂದು ಅವ್ವ ಉತ್ತರಿಸಿದರು. ಅಕ್ಕ ಮೊದಲ ಹಿಡಿ ಮಣ್ಣು ಹಾಕಿದಳು. ಸಾಬರು ಬೇಲಿಯ ಹೊರಗೆ ನಿಂತಿದ್ದರು. ಅವ್ವ ಎಲ್ಲರಿಗೂ ಕೇಳುವಂತೆ ಕರೆದರು: "ಖಾದರ್, ಬಾ. ನಿಮ್ಮಲ್ಲೂ ಮಣ್ಣೇ ಅಲ್ವಾ? ಅವತ್ತು ಹಾಕೋಕಾಗ್ಲಿಲ್ಲ. ಇವತ್ತು ಹಾಕು." ನೆಂಟರಲ್ಲಿ ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು, ಅಯ್ಯನವರು ತಾವೇ ಹಿಂದೆ ಸರಿದು ದಾರಿ ಬಿಟ್ಟರು. ಸಾಬರು ಚಪ್ಪಲಿ ಕಳಚಿ ಬಂದು, ತಮ್ಮಲ್ಲಿಯ ರೂಢಿಯಂತೆ ಮೂರು ಹಿಡಿ ಮಣ್ಣು ಹಾಕಿದರು. ಮೂರನೆಯ ಹಿಡಿ ಹಾಕಿದ ಮೇಲೆ ಬಗ್ಗಿದವರು ಬೇಗ ಏಳಲಿಲ್ಲ. ಅಯ್ಯನವರೇ ತೋಳು ಹಿಡಿದು ಎಬ್ಬಿಸಿದರು.

ವಿಧವೆಯ ಬಳೆಗಳನ್ನು ಒಡೆಯುವ ಪದ್ಧತಿ. ಅವ್ವ ಒಡೆಯಲು ಬಿಡಲಿಲ್ಲ. ಅಂಗಳದಲ್ಲಿ ಕುಳಿತು, ಅಕ್ಕನ ಕೈಗೆ ಎಣ್ಣೆ ಹಚ್ಚಿ, ಒಂದೊಂದಾಗಿ ಜಾರಿಸಿ ತೆಗೆದರು. ತಾಳಿಯನ್ನೂ ಅವರೇ ಬಿಚ್ಚಿದರು.

ವಾರ ಕಳೆದ ಮೇಲೆ ಮಲ್ಲೇಶಪ್ಪನವರು ತಾವೇ ಬಂದರು. ಅವ್ವ ಅವರನ್ನು ಜಗಲಿಯಲ್ಲಿ ಕೂರಿಸಿ, ಅಕ್ಕನನ್ನೂ ಹೊರಗೆ ಕರೆದರು.

"ಬರೋ ವರ್ಷ ಬಾರಪ್ಪ," ಎಂದರು. "ಇಷ್ಟು ವರ್ಷ ನಾನು ಇವಳಿಗೆ ಅಳೋಕೆ ಬಿಡ್ಲಿಲ್ಲ, ನಾನೂ ಅಳಲಿಲ್ಲ. ಒಂದೇ ಒಂದು ವರ್ಷ ಇವಳು ನನ್ನ ಮಗನ ಹೆಂಡ್ತಿಯಾಗಿರ್ಲಿ. ಅವನಿಗೋಸ್ಕರ ಅಳೋಕೆ ನನ್ನ ಜೊತೆ ಇನ್ಯಾರಿದಾರೆ ಹೇಳು?"

ಮಲ್ಲೇಶಪ್ಪನವರು ಅಕ್ಕನನ್ನು ನೋಡಿದರು. ಅಕ್ಕ ತಲೆಯಾಡಿಸಿದಳು.

"ಆಗ್ಲಿ ಅಮ್ಮ. ನಾನು ಎಲ್ಲಿ ಹೋಗ್ತೀನಿ," ಎಂದು ಅವರು ಎದ್ದರು.

ಆ ವರ್ಷ ಅತ್ತೆ ಸೊಸೆಯರಿಬ್ಬರೂ ಅತ್ತರು. ಅಕ್ಕಿ ಆರಿಸುತ್ತಾ ಅತ್ತರು, ಬಟ್ಟೆ ಒಗೆಯುತ್ತಾ ಅತ್ತರು. ಅತ್ತು ಮುಗಿದ ಮೇಲೆ ಪಕ್ಕದ ಮನೆಯ ಸೊಸೆಯನ್ನು ಆಡಿಕೊಂಡು ನಕ್ಕದ್ದೂ ಉಂಟು. ನಾನು ಬೆಳಗಿನ ರೈಲಿಗೆ ಹೊರಡುವಾಗ ಇಬ್ಬರ ಕಣ್ಣುಗಳೂ ಊದಿರುತ್ತಿದ್ದವು. ಸಾಬರು ಮೊದಲಿನಂತೆಯೇ ಬರುತ್ತಿದ್ದರು. ಅವ್ವ ಮತ್ತೆ ಹಡಗಿನ ಕಥೆ ಕೇಳಲಿಲ್ಲ. ಮಗನ ಕಥೆ ಕೇಳಿದರು.

ಮರುವರ್ಷದ ಬೇಸಿಗೆಯಲ್ಲಿ ಉಡಿಕೆಯಾಯಿತು. ಸೀರೆಯನ್ನು ಗಂಡಿನ ಕಡೆಯವರು ತಂದಿದ್ದರು, ಉಡಿಸಿದವರು ಅವ್ವ. ನೆರಿಗೆಗಳನ್ನು ಒಂದೊಂದಾಗಿ ಹಿಡಿದು, ನೀವಿ, ಸೊಂಟಕ್ಕೆ ಸಿಕ್ಕಿಸಿದರು. ಆಗ ಅವರೂ ಅಳಲಿಲ್ಲ, ಅಕ್ಕನೂ ಅಳಲಿಲ್ಲ. ಸಂಜೆ ಅಕ್ಕ ಗಂಡನೊಂದಿಗೆ ಟಾಂಗಾ ಹತ್ತಿ ಸ್ಟೇಷನ್ನಿಗೆ ಹೋದಳು. ಟಾಂಗಾ ತಿರುವಿನಲ್ಲಿ ಮರೆಯಾದ ಮೇಲೆ ಅವ್ವ ಒಳಗೆ ಬಂದು ಗೋಡೆಗೊರಗಿ ಕುಳಿತು, ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು ಪಕ್ಕದಲ್ಲಿ ಕುಳಿತು ಅವರ ಬೆನ್ನ ಮೇಲೆ ಕೈಯಿಟ್ಟೆ. ನನಗೂ ತಡೆಯಲಾಗಲಿಲ್ಲ.

ಅವರು ಸೆರಗು ಸರಿಸಿ ನನ್ನನ್ನು ನೋಡಿದರು.

"ನೀನು ಅಳ್ಬೇಡ ಮಾರಾಯ್ತಿ, ಹೋಗಿ ಮಲಕ್ಕೊ. ನಿಂಗೆ ಬೆಳಿಗ್ಗೆ ರೈಲಿದೆ."